ಕೊಡಗಿನಲ್ಲಿ ಅಮ್ಮ, ಮಗಳ ಜೊತೆ ನಿಧಾನವಾಗಿ ನಡೆಯುವಂಥ ಜೌಗು ದಾರಿ ಯಾವುದಿದೆ?

ಮೈಸೂರು ಮಳೆ

ಎಲ್ಲರಿಗೂ ನಮಸ್ಕಾರ. ಬೆಟ್ಟ ಹತ್ತುವ ಚಾರಣದ ಬಗ್ಗೆ ಕೇಳುತ್ತಿಲ್ಲ. ತಡಿಯಂಡಮೋಳು, ಪುಷ್ಪಗಿರಿ, ಬ್ರಹ್ಮಗಿರಿ ಬಗ್ಗೆ ಇಲ್ಲಿ ಬೇಕಾದಷ್ಟು ಬರೆದಿದ್ದೀರಿ, ಓದಿದ್ದೇನೆ. ನನಗೆ ಬೇಕಾದದ್ದು ಸಮತಟ್ಟಾದ ದಾರಿ. ಪಕ್ಕದಲ್ಲಿ ನೀರು, ಜೊಂಡು, ಹಸಿ ನೆಲ, ಹಕ್ಕಿ ಇರಬೇಕು. ಅಮ್ಮನಿಗೆ ಮಂಡಿ ನೋವು, ಏರು ಹತ್ತಲು ಆಗುವುದಿಲ್ಲ. ಆದರೆ ಸಮ ನೆಲದಲ್ಲಿ ಒಂದೆರಡು ಗಂಟೆ ಆರಾಮಾಗಿ ನಡೆಯುತ್ತಾರೆ. ಮಗಳಿಗೆ ಏಳು ವರ್ಷ. ಕಪ್ಪೆ, ಹುಳ, ಏಡಿ ಅಂದ್ರೆ ಅವಳಿಗೆ ಪ್ರಾಣ.

ಪಾರ್ಕ್ ಒಳಗೆ ಇದ್ದರೆ ಒಳ್ಳೆಯದು, ಕಾಡಾನೆ ಭಯ ಇರುವುದಿಲ್ಲ ಅಂತ. ಎಲ್ಲಿಗೆ ಹೋಗಬಹುದು? ಯಾವ ತಿಂಗಳು?

ಕುಶಾಲನಗರದ ಹುಡುಗಿ

ನಿಮಗೆ ಕಾವೇರಿ ನಿಸರ್ಗಧಾಮ ಸರಿ. ನಗಬೇಡಿ, ಪೂರ್ತಿ ಓದಿ. ಜನ ಅದನ್ನು ಪಿಕ್‌ನಿಕ್ ಜಾಗ ಅಂತ ಬದಿಗಿಡುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ, ಅದೂ ಭಾನುವಾರ ಹೋದರೆ ಯಾವ ಜಾಗವಾದರೂ ಹಾಗೇ ಕಾಣುತ್ತದೆ ಅಲ್ವಾ?

ಕುಶಾಲನಗರದಿಂದ ಮಡಿಕೇರಿ ರಸ್ತೆಯಲ್ಲಿ ಸ್ವಲ್ಪ ದೂರ ಬಂದರೆ ಸಿಗುತ್ತದೆ. ಕಾವೇರಿ ಕವಲೊಡೆದು ಸುತ್ತುವರಿದ 64 ಎಕರೆ ದ್ವೀಪ. ತೂಗುಸೇತುವೆ ದಾಟಿ ಒಳಗೆ ಹೋಗಬೇಕು. ಸೇತುವೆ ಅಲ್ಲಾಡುತ್ತದೆ, ಅಮ್ಮನ ಕೈ ಹಿಡಿದುಕೊಳ್ಳಿ. ಜನ ಕಡಿಮೆ ಇದ್ದಾಗ ದಾಟಿದರೆ ಅಲ್ಲಾಟವೂ ಕಡಿಮೆ. ಆಮೇಲೆ ಎಲ್ಲ ಸಮ ನೆಲ.

ಒಳಗೆ ಹೋದ ಕೂಡಲೇ ಎಲ್ಲರೂ ಜಿಂಕೆ ನೋಡಲು ಓಡುತ್ತಾರೆ. ನೀವು ಹೊಳೆಯ ಅಂಚು ಹಿಡಿಯಿರಿ. ಬಿದಿರು ಮೆಳೆ ದಟ್ಟವಾಗಿ ನೀರಿನ ಮೇಲೆ ಬಾಗಿರುತ್ತದೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಬಂದ ಮೆಕ್ಕಲು ಮಣ್ಣು ಇಲ್ಲಿ ಕೂತಿರುತ್ತದೆ. ತಗ್ಗಿನಲ್ಲಿ ನೀರು ನಿಂತ ಜಾಗಗಳೂ ಸಿಗುತ್ತವೆ. ಮಗಳು ಅಲ್ಲೇ ಕುಳಿತುಬಿಡುತ್ತಾಳೆ ನೋಡಿ.

ಮುಖ್ಯವಾಗಿ ಮೂರು ಮಾತು. ವಾರದ ದಿನ ಬನ್ನಿ. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೇ ಬನ್ನಿ. ಜುಲೈ, ಆಗಸ್ಟ್‌ನಲ್ಲಿ ಹೊಳೆ ತುಂಬಿದರೆ ಪ್ರವೇಶ ಬಂದ್ ಮಾಡುತ್ತಾರೆ, ಆದ್ದರಿಂದ ವಿಚಾರಿಸದೆ ಹೊರಡಬೇಡಿ. ಇನ್ನೊಂದು, ನೀರಿಗೆ ಇಳಿಯಲೇಬೇಡಿ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ ಇದೆ, ಬಂಡೆ ಸಂದುಗಳಿವೆ. ಈ ಹೊಳೆಯಲ್ಲಿ ಪ್ರತಿ ವರ್ಷ ಜೀವ ಹೋಗುವುದನ್ನು ನಾವು ಊರಿನವರು ನೋಡುತ್ತಲೇ ಇದ್ದೇವೆ.

ಚಾರಣ ಪ್ರಿಯ

ನಿಸರ್ಗಧಾಮದಲ್ಲಿ ನಡೆಯುವುದು ಚಾರಣ ಹೇಗಾಗುತ್ತದೆ? ನಿಜವಾದ ಜೌಗು ಬೇಕಿದ್ದರೆ ನಾಗರಹೊಳೆಗೆ ಹೋಗಿ. ಅಲ್ಲಿನ ಹಡ್ಲು, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಗಾವಲು ನೋಡಿ. ಅದು ಕಾಡು.

ಕುಟ್ಟ ಕಡೆಯವ

ಹಡ್ಲು ನೋಡಿ ಅನ್ನುವುದಕ್ಕೆ ನಾನೂ ಸೈ. ಆದರೆ ಅಲ್ಲಿ ನಡೆಯುವ ಹಾಗಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು, ಯಾಕೆಂದರೆ ಈ ಪ್ರಶ್ನೆ ಕೇಳಿರುವವರು ಚಿಕ್ಕ ಮಗು ಕರೆದುಕೊಂಡು ಬರುತ್ತಿದ್ದಾರೆ.

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಈಗ ಹುಲಿ ಮೀಸಲು. ಒಳಗೆ ಇಷ್ಟ ಬಂದ ಕಡೆ ಕಾಲಿಡಲು ಕಾನೂನೂ ಬಿಡುವುದಿಲ್ಲ, ಬುದ್ಧಿಯೂ ಬಿಡಬಾರದು. ಹುಣಸೂರಿನಿಂದ ಕುಟ್ಟದ ಕಡೆ ಕಾಡಿನೊಳಗೆ ಬರುವ ರಸ್ತೆಯಲ್ಲಿ ವಾಹನ ನಿಲ್ಲಿಸಿ ಇಳಿಯುವುದೂ ತಪ್ಪು. ರಾತ್ರಿ ಆ ರಸ್ತೆ ಬಂದ್.

ಈಗ ಹಡ್ಲಿನ ವಿಷಯ. ಇದರ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ, ತುಂಬಾ ಜನ ಸಫಾರಿಯಲ್ಲಿ ಹುಲಿ ಹುಲಿ ಅಂತ ಕಣ್ಣು ಬಿಟ್ಟುಕೊಂಡು ಇದನ್ನು ನೋಡದೇ ವಾಪಸ್ ಹೋಗುತ್ತಾರೆ. ಎರಡು ದಿಣ್ಣೆಗಳ ನಡುವಿನ ತಗ್ಗು. ಜೇಡಿ ಮಣ್ಣು. ಮಳೆ ನೀರು ಅಲ್ಲಿ ಇಳಿದು ನಿಲ್ಲುತ್ತದೆ, ಬೇಗ ಹೋಗುವುದಿಲ್ಲ. ಬೇರಿಗೆ ಗಾಳಿ ಸಿಗದ ಕಾರಣ ತೇಗ, ಮತ್ತಿ, ಹೊನ್ನೆ ಯಾವುದೂ ಅಲ್ಲಿ ನಿಲ್ಲುವುದಿಲ್ಲ. ಹುಲ್ಲಿಗೆ ಮಾತ್ರ ಜಾಗ. ಮಾರ್ಚ್, ಏಪ್ರಿಲ್‌ನಲ್ಲಿ ಸುತ್ತಲಿನ ಕಾಡು ಎಲೆ ಉದುರಿಸಿ ಒಣಗಿ ನಿಂತಾಗ ಈ ತಗ್ಗು ಮಾತ್ರ ಹಸಿರಾಗಿರುತ್ತದೆ. ಕಾಟಿ, ಜಿಂಕೆ, ಕಡವೆ, ಆನೆ ಎಲ್ಲ ಅಲ್ಲಿಗೇ ಬರುತ್ತವೆ. ಅವು ಬಂದ ಕಡೆ ಹುಲಿ, ಸೀಳುನಾಯಿಯೂ ಬರುತ್ತವೆ. ಬೇಸಿಗೆಯಲ್ಲಿ ಆ ಕಾಡಿನ ಪ್ರಾಣಿಗಳ ಹೊಟ್ಟೆ ತುಂಬಿಸುವುದೇ ಈ ಜೌಗು.

ಅದಕ್ಕೆ ನನ್ನ ಸಲಹೆ ಇಷ್ಟು. ನಡೆಯುವುದು ನಿಸರ್ಗಧಾಮದಲ್ಲಿ. ಹಡ್ಲು ನೋಡುವುದು ಅರಣ್ಯ ಇಲಾಖೆಯ ಸಫಾರಿ ವಾಹನದಲ್ಲಿ ಕೂತು. ಚಾಲಕರಿಗೆ ಮೊದಲೇ ಹೇಳಿ, ನಮಗೆ ಹುಲಿ ಬೇಕಂತಿಲ್ಲ, ಹಡ್ಲಿನ ಪಕ್ಕ ಸ್ವಲ್ಪ ಹೊತ್ತು ನಿಲ್ಲಿಸಿ ಅಂತ.

ಗದ್ದೆಬದು

ಎಲ್ಲರೂ ಪಾರ್ಕ್, ಸಫಾರಿ ಅಂತ ಮಾತಾಡುತ್ತಿದ್ದೀರಿ. ಕೊಡಗಿನ ದೊಡ್ಡ ಜೌಗು ನಮ್ಮ ಮನೆ ಮುಂದೆಯೇ ಇದೆ. ಗದ್ದೆ.

ನಮ್ಮ ಊರುಗಳನ್ನು ಮೇಲಿನಿಂದ ನೋಡಿದರೆ ಒಂದೇ ಲೆಕ್ಕ. ಬೆಟ್ಟದ ನೆತ್ತಿಯಲ್ಲಿ ಕಾಡು ಅಥವಾ ದೇವರಕಾಡು, ಇಳಿಜಾರಿನಲ್ಲಿ ಕಾಫಿ, ತಗ್ಗಿನಲ್ಲಿ ಗದ್ದೆ, ಗದ್ದೆಯ ನಡುವೆ ತೋಡು. ತೋಡಿನ ನೀರು ಹೊಳೆಗೆ, ಹೊಳೆ ಕಾವೇರಿಗೆ. ಹಿರಿಯರು ತಗ್ಗನ್ನು ಗದ್ದೆಗೆ ಬಿಟ್ಟದ್ದು ಸುಮ್ನೆ ಅಲ್ಲ. ಇಳಿಜಾರಿನಿಂದ ಬಂದ ನೀರು ಬದುವಿನ ಹಿಂದೆ ನಿಲ್ಲುತ್ತದೆ. ಒಂದು ಗದ್ದೆ ತುಂಬಿ ಮುಂದಿನದಕ್ಕೆ ಇಳಿಯುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವಾಗ ನೀರಿನ ಓಟ ತಗ್ಗುತ್ತದೆ, ಮಣ್ಣು ಕೆಳಗೆ ಕೂರುತ್ತದೆ, ಸ್ವಲ್ಪ ನೀರು ನೆಲದೊಳಗೆ ಇಳಿಯುತ್ತದೆ. ಗದ್ದೆ ಪಕ್ಕದ ಬಾವಿಯಲ್ಲಿ ಬೇಸಿಗೆಗೂ ನೀರಿರುತ್ತದೆ. ಗದ್ದೆ ಪಾಳು ಬಿಟ್ಟು, ಬದು ಒಡೆದು ಹೋದ ಕಡೆ ಆ ಬಾವಿಯ ಕತೆ ಏನಾಯಿತು ಅಂತ ಊರಿನ ಹೆಂಗಸರನ್ನು ಕೇಳಿ, ಹೇಳುತ್ತಾರೆ.

ಮಳೆ ಹಿಡಿದ ಮೇಲೆ ಹೊಳೆಯಿಂದ ಮೀನು ತೋಡಿನ ಮೂಲಕ ಗದ್ದೆಗೆ ಹತ್ತಿ ಬರುತ್ತವೆ, ಮೊಟ್ಟೆ ಇಡಲು. ಬದುವಿನ ಸಂದಿನಲ್ಲಿ ಏಡಿ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಏಡಿ ಸಾರು, ಕೆಸ, ಬಿದಿರಿನ ಕಣಿಲೆ, ಎಲ್ಲ ಈ ಹಸಿ ನೆಲ ಕೊಟ್ಟದ್ದೇ. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ, ಆ ಸೊಪ್ಪೂ ನೆರಳು ಮತ್ತು ತೇವ ಇರುವಲ್ಲೇ ಬೆಳೆಯುವುದು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್. ಕೊಯ್ಲಿಗೆ ಪುತ್ತರಿ. ನಮ್ಮ ಹಬ್ಬಗಳೆಲ್ಲ ಗದ್ದೆಯ ನೀರು ಏರಿ ಇಳಿಯುವುದರ ಜೊತೆಗೇ ನಡೆಯುತ್ತವೆ.

ಈ ಗದ್ದೆಗಳು ಈಗ ಕಡಿಮೆಯಾಗುತ್ತಿವೆ. ಕೂಲಿಗೆ ಜನ ಸಿಗುವುದಿಲ್ಲ. ಆನೆ ಒಂದೇ ರಾತ್ರಿಯಲ್ಲಿ ತುಳಿದು ಹಾಕುತ್ತದೆ, ಹಂದಿ ಅಗೆಯುತ್ತದೆ. ಭತ್ತದ ಬೆಲೆ ಖರ್ಚಿಗೂ ಸಾಲದು. ಹಾಗಾಗಿ ಕೆಲವರು ಶುಂಠಿಗೆ ಗುತ್ತಿಗೆ ಕೊಟ್ಟರು, ಕೆಲವರು ಅಡಿಕೆ ಹಾಕಿದರು, ಕೆಲವರು ಮಣ್ಣು ತುಂಬಿಸಿ ಮಾರಿದರು. ಅವರನ್ನು ನಾನು ಬೈಯುವುದಿಲ್ಲ. ಗದ್ದೆ ಉಳಿಸಿಕೊಂಡವನಿಗೆ ಲಾಭ ಇಲ್ಲ, ನೀರು ಕುಡಿಯುವವರೆಲ್ಲ ಕೆಳಗಿನ ಊರಿನವರು. ಇದು ನ್ಯಾಯ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ನಡೆಯಲು ಬರುವವರಿಗೆ: ಊರಿನ ರಸ್ತೆ ಪಕ್ಕ ಗದ್ದೆ ಇರುವ ಕಡೆ ರಸ್ತೆಯಲ್ಲೇ ನಡೆಯಬಹುದು, ಯಾರ ಅಡ್ಡಿಯೂ ಇಲ್ಲ. ಬದುವಿನ ಮೇಲೆ ಹೋಗಬೇಕಿದ್ದರೆ ಮನೆಯವರನ್ನು ಕೇಳಿ. ಕೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಕೇಳದೆ ಇಳಿದು ಬದು ಕುಸಿದರೆ ನೀರು ಪೂರ್ತಿ ಹೋಗುತ್ತದೆ, ಮತ್ತೆ ಕಟ್ಟಲು ಒಂದು ದಿನ ಬೇಕು.

ಚಾರಣ ಪ್ರಿಯ

ಗದ್ದೆ ಮನುಷ್ಯ ಮಾಡಿದ್ದು. ಅದನ್ನು ಜೌಗು ಪ್ರದೇಶ ಅಂತ ಹೇಗೆ ಕರೆಯುತ್ತೀರಿ?

ಕಾನೂನು ಓದುವವಳು

ಎರಡು ಉತ್ತರ ಇದೆ, ಎರಡೂ ಮುಖ್ಯ.

ಜೌಗು ಪ್ರದೇಶಗಳ ಬಗ್ಗೆ 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್‌ನಲ್ಲಿ ಒಪ್ಪಂದವಾಯಿತು. ಭಾರತ 1982ರಲ್ಲಿ ಸೇರಿತು. ಆ ಒಪ್ಪಂದದ ಪ್ರಕಾರ ಜೌಗು ಸಹಜವಾಗಿ ಆದದ್ದಾಗಲಿ, ಮನುಷ್ಯ ಮಾಡಿದ್ದಾಗಲಿ, ನೀರು ನಿಂತದ್ದಾಗಲಿ, ಹರಿಯುವುದಾಗಲಿ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಹೊಳೆಯೂ ಬರುತ್ತದೆ, ಭತ್ತದ ಗದ್ದೆಯೂ ಬರುತ್ತದೆ.

ಆದರೆ ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳು ನದಿಯ ಪಾತ್ರವನ್ನು, ಭತ್ತದ ಗದ್ದೆಯನ್ನು, ಕುಡಿಯುವ ನೀರಿಗೆ ಮತ್ತು ನೀರಾವರಿಗೆ ಕಟ್ಟಿದ ಕೆರೆಗಳನ್ನು ಹೊರಗಿಡುತ್ತವೆ. ಅಂದರೆ ಗದ್ದೆಬದು ಅವರು ಹೇಳಿದ ತಗ್ಗಿಗೆ ಆ ನಿಯಮದಲ್ಲಿ ರಕ್ಷಣೆ ಇಲ್ಲ. ಕರ್ನಾಟಕದ ಮೊದಲ ರಾಮ್ಸರ್ ತಾಣ ರಂಗನತಿಟ್ಟು, 2022ರಲ್ಲಿ ಆಯಿತು. ಅದು ಸಂತೋಷದ ವಿಷಯ. ಅಲ್ಲಿ ಹರಿಯುವುದು ಇದೇ ಕಾವೇರಿ. ಕೆಳಗಿನ ದ್ವೀಪಗಳಿಗೆ ಮಾನ್ಯತೆ ಸಿಕ್ಕಿದೆ, ಮೇಲೆ ಆ ಹೊಳೆಗೆ ನೀರು ಕೂಡಿಸಿ ಕಳಿಸುವ ಸಣ್ಣ ಸಣ್ಣ ಗದ್ದೆ ಬಯಲುಗಳಿಗೆ ಏನೂ ಇಲ್ಲ.

ಮಿಂಚುಳ್ಳಿ

ನಾನು ಹಕ್ಕಿ ನೋಡುವವನು. ಹಾಗಾಗಿ ನಡೆಯುವಾಗ ಏನು ನೋಡಬೇಕು ಅನ್ನುವುದನ್ನು ಹೇಳುತ್ತೇನೆ.

ಮೊದಲು ಕೊಳದ ಬಕ. ಹೊಳೆ ಅಂಚಿನಲ್ಲಿ, ಗದ್ದೆ ಬದುವಿನಲ್ಲಿ ಮಣ್ಣಿನ ಬಣ್ಣದಲ್ಲಿ ಕೂತಿರುತ್ತದೆ. ಎದುರಿಗೇ ಇದ್ದರೂ ಕಾಣುವುದಿಲ್ಲ. ಹಾರಿದ ಕ್ಷಣ ರೆಕ್ಕೆ ಬಿಚ್ಚಿದರೆ ಪೂರ್ತಿ ಬಿಳಿ. ಮಗಳಿಗೆ ಇದನ್ನು ಮೊದಲೇ ಹೇಳಬೇಡಿ, ಅವಳೇ ನೋಡಲಿ.

ನಿಸರ್ಗಧಾಮದ ಬಿದಿರಿನ ಕೊಂಬೆಗಳ ಮೇಲೆ ಮಿಂಚುಳ್ಳಿಗಳನ್ನು ಹುಡುಕಿ. ಸಣ್ಣದು ನೀಲಿ ಗೆರೆ ಎಳೆದ ಹಾಗೆ ನೀರಿನ ಮೇಲೆ ಹಾರುತ್ತದೆ. ಹೆಮ್ಮಿಂಚುಳ್ಳಿ ದೊಡ್ಡದು, ದಪ್ಪ ಕೆಂಪು ಕೊಕ್ಕು, ಅದರ ಕೂಗು ಹೊಳೆಯ ಆಚೆ ದಡಕ್ಕೂ ಕೇಳುತ್ತದೆ. ನಡು ಹೊಳೆಯ ಬಂಡೆಗಳ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸುತ್ತಾ ಕೂತಿರುತ್ತದೆ. ಅದರ ಗರಿಗೆ ನೀರು ಅಂಟುತ್ತದೆ, ಮುಳುಗಿ ಮೀನು ಹಿಡಿಯಲು ಅದೇ ಅನುಕೂಲ. ಆಮೇಲೆ ಒಣಗಿಸಿಕೊಳ್ಳಲೇಬೇಕು. ಅದೃಷ್ಟ ಇದ್ದರೆ ನೀರುನಾಯಿ. ಕಾವೇರಿಯಲ್ಲಿ ಅವು ಇವೆ, ಬಂಡೆ ಮೇಲೆ ಮೀನಿನ ಮುಳ್ಳು, ಹುರುಪೆ ತುಂಬಿದ ಹಿಕ್ಕೆ ಕಂಡರೆ ಅವು ಓಡಾಡಿವೆ ಅಂತ ಲೆಕ್ಕ.

ಚಳಿಗಾಲದಲ್ಲಿ ಹೊರಗಿನಿಂದ ಬರುವ ಹಕ್ಕಿಗಳು ಸೇರಿಕೊಳ್ಳುತ್ತವೆ. ಬೂದು ಸಿಪಿಲೆ ಹಿಮಾಲಯ ಮತ್ತು ಅದರಾಚೆಯಿಂದ ಸೆಪ್ಟೆಂಬರ್ ಹೊತ್ತಿಗೆ ನಮ್ಮ ತೋಡುಗಳಿಗೆ ಬಂದುಬಿಡುತ್ತದೆ. ಬಾಲ ಕುಣಿಸುತ್ತಾ ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ. ಕೊಯ್ದ ಗದ್ದೆಯ ಕೂಳೆಯಲ್ಲಿ ಉಲ್ಲಂಕಿ ಅಡಗಿರುತ್ತದೆ, ಕಾಲ ಬಳಿಯಿಂದಲೇ ಥಟ್ಟನೆ ಎದ್ದು ಓರೆಕೋರೆಯಾಗಿ ಹಾರಿ ಹೋಗುತ್ತದೆ.

ಒಂದು ಕೋರಿಕೆ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯಬೇಡಿ. ಗೂಡು ಕಟ್ಟುವ ಕಾಲದಲ್ಲಿ ಅದು ನಿಜವಾದ ಹಿಂಸೆ. ಬೇರೆ ಗಂಡು ಬಂತು ಅಂತ ಹಕ್ಕಿ ಮೊಟ್ಟೆ ಮರಿ ಬಿಟ್ಟು ಜಗಳಕ್ಕೆ ಓಡಿ ಬರುತ್ತದೆ.

ಕುಶಾಲನಗರದ ಹುಡುಗಿ

ಮೀನಿನ ವಿಷಯ ಸೇರಿಸುತ್ತೇನೆ. ದುಬಾರೆ, ವಾಲ್ನೂರು ಕಡೆಯ ಕಾವೇರಿಯಲ್ಲಿ ಮಹಶೀರ್ ಇದೆ. ಅದರಲ್ಲಿ ಬೆನ್ನು ಗೂನಾದ ಜಾತಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಆಳ ಮಡು, ಓಡುವ ನೀರು, ಶುದ್ಧ ಜಲ್ಲಿ ನೆಲ ಮೂರೂ ಇದ್ದರೆ ಮಾತ್ರ ಅದು ಬದುಕುವುದು. ಬೇಸಿಗೆಯಲ್ಲಿ ದುಬಾರೆಯಲ್ಲಿ ಬಂಡೆ ಮೇಲೆ ಕಾಲಿಟ್ಟು ಹೊಳೆ ದಾಟುವಷ್ಟು ನೀರು ಇಳಿಯುತ್ತದೆ. ಮೇಲಿನ ಗದ್ದೆ, ತೋಡು ಕಡಿಮೆಯಾದಷ್ಟೂ ಈ ಇಳಿತ ಜಾಸ್ತಿ ಅಂತ ನನಗನಿಸುತ್ತದೆ.

ಕಪ್ಪೆ ಗಾನ

ಮಗಳಿಗೆ ಕಪ್ಪೆ ಇಷ್ಟ ಅಂದಿರಲ್ಲ, ಅದು ಓದಿ ಖುಷಿಯಾಯಿತು. ಹಾಗಿದ್ದರೆ ಮೊದಲ ಮಳೆ ಕಳೆದ ಜೂನ್, ಜುಲೈ ಬಿಟ್ಟರೆ ಬೇರೆ ಕಾಲ ಇಲ್ಲ. ಆದರೆ ಆಗ ನಿಸರ್ಗಧಾಮದ ಗೇಟು ನಂಬುವ ಹಾಗಿಲ್ಲ. ಅದಕ್ಕೆ ಹೋಂಸ್ಟೇ ಅಂಗಳವೇ ಸಾಕು. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ. ಹೆಣ್ಣು ಕಾಲಿನಿಂದ ಕಡೆದು ಕಡೆದು ನೊರೆ ಎಬ್ಬಿಸುತ್ತದೆ. ಮೊಟ್ಟೆ ಒಡೆದ ಮೇಲೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಹಾಗಾಗಿ ಕೆರೆ ದಡದ ಪೊದೆ ಸವರಿದರೆ ಗೂಡಿಗೆ ಜಾಗವೇ ಇಲ್ಲ.

ಇನ್ನೊಂದು ಪುಟ್ಟ ಹಸಿರು ಕಪ್ಪೆ ಇದೆ, ಕೊಡಗು ಮತ್ತು ವಯನಾಡಿನ ಕಡೆ ಕಾಫಿ ತೋಟಗಳ ಕೆರೆ ಪಕ್ಕ ಸಿಗುತ್ತದೆ. ವಿಜ್ಞಾನಿಗಳು ಅದನ್ನು 1883ರಷ್ಟು ಹಿಂದೆಯೇ ಹೆಸರಿಸಿದ್ದರು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಎಲೆಯ ಎರಡು ಅಂಚನ್ನು ಕಾಲಿನಿಂದ ಎಳೆದು ಮಡಚಿ ಮುಚ್ಚುತ್ತದೆ, ಮೊಟ್ಟೆ ಒಣಗದ ಹಾಗೆ. ಗಂಟೆಗಟ್ಟಲೆ ನೋಡಬಹುದಾದ ಕೆಲಸ ಅದು.

ಕಪ್ಪೆಯನ್ನು ಕೈಯಲ್ಲಿ ಹಿಡಿಯಬೇಡಿ ಅಂತ ಮಗಳಿಗೆ ಹೇಳಿ. ಅದು ಚರ್ಮದಿಂದಲೂ ಉಸಿರಾಡುತ್ತದೆ. ಕೈಗೆ ಹಚ್ಚಿದ ಸೊಳ್ಳೆ ಎಣ್ಣೆ, ಸನ್‌ಸ್ಕ್ರೀನ್ ಅದರ ಮೈಗೆ ವಿಷ. ಕತ್ತಲಾದ ಮೇಲೆ ಅಂಗಳ ಬಿಟ್ಟು ತೋಟದ ದಾರಿಗೆ ಹೋಗಬೇಡಿ. ಆನೆ ಕಾಫಿ ಗಿಡಗಳ ನಡುವೆ ನಿಂತರೆ ಸದ್ದೇ ಇರುವುದಿಲ್ಲ.

ಮೈಸೂರು ಮಳೆ

ಇಷ್ಟೊಂದು ಬರೆದಿದ್ದೀರಿ, ತುಂಬಾ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಉಂಬಳ (ಜಿಗಣೆ)?

ಗದ್ದೆಬದು

ಮಳೆಗಾಲದಲ್ಲಿ ಇರುತ್ತದೆ. ಹೆದರುವಂಥದ್ದಲ್ಲ. ಉದ್ದ ಸಾಕ್ಸ್ ಒಳಗೆ ಪ್ಯಾಂಟು ಸೇರಿಸಿ. ಸಾಕ್ಸ್ ಮೇಲೆ ಹೊಗೆಸೊಪ್ಪಿನ ಪುಡಿ ಅಥವಾ ಸೋಪು ಹಚ್ಚುವ ಪದ್ಧತಿ ಇದೆ. ಕಚ್ಚಿದರೆ ಹಿಡಿದು ಎಳೆಯಬೇಡಿ, ಉಗುರನ್ನು ಅದರ ಬಾಯಿಯ ಪಕ್ಕಕ್ಕೆ ತಂದು ಮೆಲ್ಲಗೆ ಸರಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ, ಹಾಗಾಗಿ ಸ್ವಲ್ಪ ಹೊತ್ತು ರಕ್ತ ಬರುತ್ತದೆ. ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ. ಅಮ್ಮ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮಳೆಗಾಲ ಬಿಟ್ಟು ಬನ್ನಿ. ಡಿಸೆಂಬರ್‌ನಿಂದ ಮುಂದೆ ಅದರ ಕಾಟ ಇಲ್ಲವೇ ಇಲ್ಲ ಅನ್ನಬಹುದು.

ಸಿದ್ದಾಪುರ ಬಸ್ಸು

ನನ್ನದೊಂದು ಮಾತು. ಇಂಥವರಿಗಾಗಿಯೇ ಸರಿಯಾದ ದಾರಿ ಬೇಡವೇ? ಮಂಡಿ ನೋವು, ಗಾಲಿಕುರ್ಚಿ, ಚಿಕ್ಕ ಮಕ್ಕಳು, ಇವರೆಲ್ಲ ಜೌಗು ನೋಡುವುದು ಹೇಗೆ? ಹೊನ್ನಾವರದ ಹತ್ತಿರ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ದಾರಿ ಮಾಡಿದ್ದಾರೆ. ಕೆಸರಿಗೆ ಕಾಲಿಡದೆ ನಡುವೆ ನಡೆದು ಹೋಗಬಹುದು. ಕೊಡಗಿನಲ್ಲೂ ಒಂದು ಕೆರೆ ಅಂಚಿನಲ್ಲಿ, ಒಂದು ಗದ್ದೆ ಬಯಲಿನಲ್ಲಿ ಹಾಗೆ ಮಾಡಬಹುದು ಅಲ್ವಾ?

ಮಿಂಚುಳ್ಳಿ

ಮಾಡಬಹುದು, ನಾನು ಪೂರ್ತಿ ಒಪ್ಪುತ್ತೇನೆ. ಭಯ ಇರುವುದು ಮಾಡುವ ರೀತಿಯಲ್ಲಿ. ನಮ್ಮಲ್ಲಿ ಕೆರೆ ಅಭಿವೃದ್ಧಿ ಅಂದರೆ ಮೊದಲು ಜೆಸಿಬಿ ಬರುತ್ತದೆ. ಜೊಂಡು ಕೀಳುತ್ತಾರೆ. ದಡಕ್ಕೆ ಕಲ್ಲು ಕಟ್ಟುತ್ತಾರೆ. ಸುತ್ತ ಇಂಟರ್‌ಲಾಕ್ ಹಾಕಿ, ನಾಲ್ಕು ದೀಪ ನಿಲ್ಲಿಸುತ್ತಾರೆ. ಅಲ್ಲಿಗೆ ಕೆರೆ ಮುಗಿಯಿತು. ನೀರು ಇರುತ್ತದೆ, ಜೀವ ಇರುವುದಿಲ್ಲ.

ಯಾಕೆಂದರೆ ಜೌಗಿನ ಜೀವ ಇರುವುದು ಅಂಚಿನಲ್ಲಿ. ನೆಲ ಮೆಲ್ಲಗೆ ನೀರಿಗೆ ಇಳಿಯುವ ಕಡೆ. ಅರ್ಧ ಅಡಿ, ಒಂದು ಅಡಿ ಆಳದ ನೀರಿನಲ್ಲಿ ಬಕ ನಿಲ್ಲಬೇಕು, ಹುಂಡುಕೋಳಿ ಮರಿಗಳ ಜೊತೆ ಜೊಂಡಿನೊಳಗೆ ನುಸುಳಬೇಕು, ಕಪ್ಪೆ ಹತ್ತಿ ಇಳಿಯಬೇಕು. ನೆಟ್ಟಗೆ ಕಲ್ಲು ಕಟ್ಟಿದರೆ ಇವರಲ್ಲಿ ಯಾರಿಗೂ ಕಾಲೂರಲು ಜಾಗ ಇಲ್ಲ.

ದಾರಿ ಮಾಡುವುದಾದರೆ ಕಂಬದ ಮೇಲೆ ಎತ್ತರಿಸಿ ಮಾಡಲಿ. ಕೆಳಗೆ ನೀರು, ಮೀನು, ಹಾವು ಎಲ್ಲ ಮೊದಲಿನ ಹಾಗೇ ಓಡಾಡಲಿ. ಹಲಗೆಗಳ ನಡುವೆ ಬೆಳಕು ಬೀಳುವಷ್ಟು ಸಂದು ಇರಲಿ, ಆದರೆ ಗಾಲಿ ಸಿಕ್ಕಿಕೊಳ್ಳುವಷ್ಟು ಬೇಡ. ನಮ್ಮ ಮಳೆಗೆ ಮರ ಬೇಗ ಲಡ್ಡಾಗುತ್ತದೆ, ಪಾಚಿ ಕಟ್ಟಿ ಜಾರುತ್ತದೆ. ಕಟ್ಟುವ ದುಡ್ಡಿನ ಜೊತೆಗೆ ಪ್ರತಿ ವರ್ಷ ರಿಪೇರಿಯ ದುಡ್ಡನ್ನೂ ಮೊದಲೇ ಎತ್ತಿಡಬೇಕು. ರಾತ್ರಿ ದೀಪ ಖಂಡಿತ ಬೇಡ.

ಹೊಸ ಮನೆ

ಎಲ್ಲರೂ ಜೌಗನ್ನು ಹೊಗಳುತ್ತಿದ್ದೀರಿ. ಅದರ ಪಕ್ಕ ಮನೆ ಇರುವವರ ಕಷ್ಟ ಬೇರೆ. ಸೊಳ್ಳೆ. ನಮ್ಮ ಮನೆ ಹಿಂದೆ ಪಾಳು ಗದ್ದೆ ಇದೆ. ಅದನ್ನು ಮುಚ್ಚಿಸಿದರೆ ಸಾಕು ಅನ್ನಿಸುತ್ತದೆ.

ಕಪ್ಪೆ ಗಾನ

ನಿಮ್ಮ ಕಷ್ಟ ಅರ್ಥವಾಗುತ್ತದೆ. ಜೌಗಿನಲ್ಲಿ ಸೊಳ್ಳೆ ಇಲ್ಲ ಅಂತ ನಾನು ಹೇಳುವುದಿಲ್ಲ, ಇರುತ್ತದೆ. ಆದರೆ ಜೀವ ತುಂಬಿದ ನೀರಿನಲ್ಲಿ ಅದನ್ನು ತಿನ್ನುವವರೂ ಇರುತ್ತಾರೆ. ಸಣ್ಣ ಮೀನು, ನೀರು ತಿಗಣೆ, ಮತ್ತು ಎಲ್ಲಕ್ಕಿಂತ ಜೋರಾಗಿ ಏರೋಪ್ಲೇನ್ ಚಿಟ್ಟೆಯ ಮರಿಗಳು. ಅವು ಬೆಳೆಯುವುದು ನೀರಿನೊಳಗೆ, ತಿನ್ನುವುದು ಸೊಳ್ಳೆ ಮರಿಗಳನ್ನು. ದೊಡ್ಡವಾದ ಮೇಲೆ ಗಾಳಿಯಲ್ಲಿ ಸೊಳ್ಳೆ ಹಿಡಿಯುತ್ತವೆ. ಡೆಂಗಿ ತರುವ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ಮನೆಯ ಸುತ್ತಲೇ: ಹಳೇ ಟೈರು, ತೆಂಗಿನ ಚಿಪ್ಪು, ಮುಚ್ಚದ ಡ್ರಮ್ಮು, ಅಡಿಕೆ ಹಾಳೆ. ಮೊದಲು ಅವುಗಳ ನೀರು ಚೆಲ್ಲಿ. ಆಮೇಲೆ ಆ ಗದ್ದೆಯ ತೋಡು ಕಟ್ಟಿಕೊಂಡಿದೆಯಾ, ಅದಕ್ಕೆ ಯಾರದ್ದಾದರೂ ಬಚ್ಚಲು ನೀರು ಬಿಟ್ಟಿದ್ದಾರಾ ನೋಡಿ. ಕೊಳಕು ನೀರಿನಲ್ಲಿ ಮೀನು, ಏರೋಪ್ಲೇನ್ ಚಿಟ್ಟೆ ಸಾಯುತ್ತವೆ, ಸೊಳ್ಳೆ ಮಾತ್ರ ಉಳಿಯುತ್ತದೆ.

ಮಳೆ ಬಿಡುವ ಹೊತ್ತಿಗೆ ಗದ್ದೆ ಮೇಲೆ ಹಿಂಡು ಹಿಂಡಾಗಿ ಹಳದಿ ಏರೋಪ್ಲೇನ್ ಚಿಟ್ಟೆ ಹಾರುವುದನ್ನು ನೋಡಿರುತ್ತೀರಿ. ಆ ಜಾತಿ ಗಾಳಿಯ ಜೊತೆ ಹಿಂದೂ ಮಹಾಸಾಗರ ದಾಟಿ ಆಫ್ರಿಕಾದವರೆಗೂ ಹೋಗುತ್ತದೆ. ನಿಮ್ಮ ಮನೆ ಹಿಂದಿನ ಪಾಳು ಗದ್ದೆಯಲ್ಲಿ ಹುಟ್ಟಿದ್ದು ಅಷ್ಟು ದೂರ ಹೊರಟಿರಬಹುದು. ದಯವಿಟ್ಟು ಮುಚ್ಚಿಸಬೇಡಿ.

ಹೊಳೆಕರೆ

ಮುಚ್ಚಿದರೆ ಏನಾಗುತ್ತದೆ ಅನ್ನುವುದು ನಮಗೆ ಗೊತ್ತು. ನಮ್ಮ ತೋಟದ ಕೆಳಗಿನ ಗದ್ದೆಯನ್ನು ಒಂದು ರೆಸಾರ್ಟಿನವರು ಕೊಂಡು ಮಣ್ಣು ತುಂಬಿಸಿದರು. ತೋಡನ್ನು ಪೈಪಿನೊಳಗೆ ಹಾಕಿದರು. ಮೊದಲ ದೊಡ್ಡ ಮಳೆಗೇ ಪೈಪು ಸಾಲದೆ ನೀರು ಹಿಂದಕ್ಕೆ ನಿಂತು ನಮ್ಮ ಮೆಣಸಿನ ಬಳ್ಳಿಗಳ ಬೇರು ಕೊಳೆಯಿತು. ದೂರು ಕೊಟ್ಟೆವು, ಬಂದು ನೋಡಿದರು, ಹೋದರು. ಬಳ್ಳಿ ಹೋಯಿತು, ನೀರು ಈಗಲೂ ಅಲ್ಲೇ ನಿಲ್ಲುತ್ತದೆ.

2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದಲ್ಲಿ ಹೊಳೆ ಪಕ್ಕದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅಷ್ಟು ಮಳೆಗೆ ಗದ್ದೆ ಒಂದೇ ಅಡ್ಡ ನಿಲ್ಲುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಹೊಳೆ ಹರಡಿಕೊಳ್ಳುವ ಜಾಗದಲ್ಲಿ ಸೈಟು ಮಾಡಿದರೆ ಹೊಳೆ ಮನೆಯೊಳಗೇ ಹರಡಿಕೊಳ್ಳಬೇಕಾಗುತ್ತದೆ.

ಚಾರಣ ಪ್ರಿಯ

ಇಲ್ಲಿ ಬರೆದದ್ದನ್ನೆಲ್ಲ ಓದಿದೆ. ನಿಸರ್ಗಧಾಮವನ್ನು ಮತ್ತೆ ನೋಡುತ್ತೇನೆ, ಈ ಸಲ ಹೊಳೆ ಅಂಚು ಹಿಡಿದು. ಗೇಟಿನಿಂದ ಎಡಕ್ಕಾ, ಬಲಕ್ಕಾ?

ಕುಶಾಲನಗರದ ಹುಡುಗಿ

ಯಾವ ಕಡೆಯಾದರೂ ಸರಿ, ದ್ವೀಪ ಅಲ್ವಾ, ಸುತ್ತಲೂ ಹೊಳೆಯೇ. ಜೋರು ಸದ್ದು ಇಲ್ಲದ ಕಡೆ ಹೋಗಿ. ಬೇಲಿ ಹಾಕಿದ ಜಾಗ ದಾಟಬೇಡಿ. ತಿಂಡಿ ಪೊಟ್ಟಣ ಬ್ಯಾಗಿನಲ್ಲೇ ಇರಲಿ, ಕೋತಿಗಳಿವೆ. ಅವುಗಳಿಗೆ ಚಿಪ್ಸ್ ಕೊಟ್ಟು ಕೊಟ್ಟು ಜನ ಅಭ್ಯಾಸ ಕೆಡಿಸಿಟ್ಟಿದ್ದಾರೆ.

ಮೈಸೂರು ಮಳೆ

ನಾವು ಡಿಸೆಂಬರ್ ಅಂತ ತೀರ್ಮಾನ ಮಾಡಿದೆವು. ಉಂಬಳವೂ ಇಲ್ಲ, ಚಳಿಗಾಲದ ಹಕ್ಕಿಯೂ ಸಿಗುತ್ತದೆ. ಮೊದಲ ದಿನ ಬೆಳಿಗ್ಗೆ ನಿಸರ್ಗಧಾಮ, ಮರುದಿನ ಗದ್ದೆ ಪಕ್ಕದ ಯಾವುದಾದರೂ ಊರಿನ ರಸ್ತೆ. ಕಪ್ಪೆಗಾಗಿ ಮಗಳನ್ನು ಮುಂದಿನ ಮಳೆಗಾಲದಲ್ಲಿ ಕರೆತರುತ್ತೇನೆ, ಅವಳು ಈಗಲೇ ಮಾತು ತೆಗೆದುಕೊಂಡಿದ್ದಾಳೆ. ಗದ್ದೆಬದು ಅವರೇ, ಡಿಸೆಂಬರ್‌ನಲ್ಲಿ ಗದ್ದೆಯಲ್ಲಿ ನೀರಿರುತ್ತದಾ?

ಗದ್ದೆಬದು

ಭತ್ತ ನಿಂತ ಗದ್ದೆಯಲ್ಲಿ ಇರುವುದಿಲ್ಲ. ಕೊಯ್ಲಿಗೆ ಮೊದಲು ನೀರು ಬಿಟ್ಟು ಒಣಗಿಸುತ್ತೇವೆ. ಆದರೆ ತೋಡಿನಲ್ಲಿ ಹರಿಯುತ್ತಿರುತ್ತದೆ, ತೀರಾ ತಗ್ಗಿನ ಗದ್ದೆಗಳಲ್ಲಿ ಕೆಸರು ಇದ್ದೇ ಇರುತ್ತದೆ. ಹಕ್ಕಿಗಳು ಆ ಕಡೆಗೇ ಸೇರುತ್ತವೆ. ಪುತ್ತರಿ ಕಳೆದು ಒಂದು ವಾರದ ನಂತರ ಬನ್ನಿ. ಪುತ್ತರಿ ದಿನ ಪ್ರತಿ ವರ್ಷ ಬದಲಾಗುತ್ತದೆ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ. ಆಗ ಕೊಯ್ಲು ಶುರುವಾಗಿರುತ್ತದೆ, ಎಲ್ಲರೂ ಗದ್ದೆಯಲ್ಲೇ ಇರುತ್ತೇವೆ. ಬದುವಿನ ಮೇಲೆ ನಡೆಯಲು ಕೇಳುವುದಕ್ಕೆ ಮನೆ ಬಾಗಿಲಿಗೂ ಬರಬೇಕಿಲ್ಲ. ಬದು ಆ ಹೊತ್ತಿಗೆ ಒಣಗಿ ಗಟ್ಟಿಯಾಗಿರುತ್ತದೆ, ಅಮ್ಮನ ಕಾಲು ಜಾರುವುದಿಲ್ಲ. ಕೈಗೊಂದು ಕೋಲು ಇರಲಿ. ಬೆಳಿಗ್ಗೆ ಎಂಟರ ಮೇಲೆ ಬನ್ನಿ, ಅದಕ್ಕೆ ಮೊದಲು ಬೇಡ. ರಾತ್ರಿ ಬಂದ ಆನೆ ಕೆಲವೊಮ್ಮೆ ತಡವಾಗಿ ವಾಪಸ್ ಹೋಗುತ್ತದೆ. ಊರಿನ ಅಂಗಡಿಯಲ್ಲಿ ಮೊದಲು ವಿಚಾರಿಸಿ, ಆನೆ ಯಾವ ಕಡೆ ಇದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.